ರೀಸೆಟ್ ಬಟನ್ ಒತ್ತುವುದು ಗೀಸರ್ ರಿಪೇರಿ ಅಲ್ಲ

ಗೀಸರ್ ಇದ್ದಕ್ಕಿದ್ದಂತೆ ನಿಂತುಹೋಗುತ್ತದೆ, ಕೆಳಗಿನ ಮುಚ್ಚಳ ಬಿಚ್ಚಿ ಚಿಕ್ಕ ಬಟನ್ ಒತ್ತಿದರೆ ಮತ್ತೆ ಶುರುವಾಗುತ್ತದೆ, ಸ್ವಲ್ಪ ದಿನ ಚೆನ್ನಾಗಿರುತ್ತದೆ, ಆಮೇಲೆ ಮತ್ತೆ ಅದೇ ಕಥೆ. ಆಗ ಎಲ್ಲರೂ ಹೇಳುವುದು "ಕಟ್‌ಔಟ್ ಹೋಗಿದೆ" ಅಂತ. ಸಾಮಾನ್ಯವಾಗಿ ಅಲ್ಲಿ ಸರಿಯಾಗಿ ಕೆಲಸ ಮಾಡುತ್ತಿರುವುದು ಆ ಕಟ್‌ಔಟ್ ಒಂದೇ!

ಟ್ಯಾಂಕ್ ಇರುವ ಗೀಸರ್‌ನಲ್ಲಿ ಬಿಸಿ ಮಿತಿ ಮೀರದಂತೆ ನೋಡಿಕೊಳ್ಳಲು ಎರಡು ಭಾಗ ಇರುತ್ತವೆ. ದಿನಾ ಆನ್-ಆಫ್ ಮಾಡುವುದು ಥರ್ಮೋಸ್ಟಾಟ್. ಅದು ಕೈಕೊಟ್ಟು ನೀರು ಸುಮಾರು 90 ಡಿಗ್ರಿ ಮುಟ್ಟಿದರೆ ಕಟ್‌ಔಟ್ ಕರೆಂಟ್ ತೆಗೆಯುತ್ತದೆ. ರೀಸೆಟ್ ಬಟನ್ ಒತ್ತುವ ತನಕ ಅದು ತಾನಾಗಿ ವಾಪಸ್ ಬರದ ಹಾಗೆ ಬೇಕಂತಲೇ ಮಾಡಿರುತ್ತಾರೆ. ಯಾಕೆ ಬಿದ್ದಿತು ಅಂತ ಯಾರಾದರೂ ನೋಡಲಿ ಅನ್ನುವ ಉದ್ದೇಶ.

ನಮ್ಮ ಮನೆಗೆ ಬಂದ ಒಬ್ಬ ಮೆಕ್ಯಾನಿಕ್ ನೋಡಿದ ತಕ್ಷಣ, "ಡೈರೆಕ್ಟ್ ಕೊಟ್ಬಿಡ್ತೀನಿ ಸಾರ್, ಇನ್ನು ಟ್ರಿಪ್ಪೇ ಆಗಲ್ಲ" ಅಂದ. ಅಂದರೆ ಕಟ್‌ಔಟ್ ತಪ್ಪಿಸಿ ಕರೆಂಟನ್ನು ನೇರವಾಗಿ ಕೊಡುವುದು. ನಿಜ, ಆಗುವುದಿಲ್ಲ. ಆದರೆ ಮುಚ್ಚಿದ ಟ್ಯಾಂಕಿನಲ್ಲಿ ಒತ್ತಡ ಏರಿದರೆ ನೀರು 100 ಡಿಗ್ರಿ ದಾಟಿದರೂ ಕುದಿಯದೆ ನೀರಾಗಿಯೇ ಇರುತ್ತದೆ. ಟ್ಯಾಂಕ್ ಎಲ್ಲೋ ಬಿರುಕು ಬಿಟ್ಟು ಒತ್ತಡ ಇಳಿದ ಕ್ಷಣ ಅದರಲ್ಲಿ ಒಂದಿಷ್ಟು ಪಾಲು ಒಮ್ಮೆಲೇ ಹಬೆ ಆಗುತ್ತದೆ, ಮತ್ತು ಹಬೆಗೆ ನೀರಿಗಿಂತ ಸಾವಿರದ ಆರುನೂರು ಪಟ್ಟು ಜಾಸ್ತಿ ಜಾಗ ಬೇಕು. ಗೀಸರ್ ಸಿಡಿಯಿತು ಅಂತ ಕೇಳುತ್ತೇವಲ್ಲ, ಅದು ಹೀಗೆ. ಅವನಿಗೆ ಬೇಡಪ್ಪ ಅಂತ ಹೇಳಿ ಕಳಿಸಿದೆ.

ನಲ್ಲಿಯಿಂದ ಹಬೆ ಬರುತ್ತಿದ್ದರೆ ಮೊದಲು ಎಂಸಿಬಿ (ಕರೆಂಟ್ ಬೋರ್ಡಿನಲ್ಲಿರುವ ಸುರಕ್ಷತಾ ಸ್ವಿಚ್) ಆಫ್ ಮಾಡಿ. ನಲ್ಲಿ ತಿರುಗಿಸಿ ಬಿಸಿ ನೀರು ಖಾಲಿ ಮಾಡಲು ಹೋಗಬೇಡಿ, ಸುಮ್ನೆ ತಣ್ಣಗಾಗಲು ಬಿಡಿ. ಹುಡುಕಾಟ ಆಮೇಲೆ.

ಸುಲಭದ ಸುಳಿವು, ನೀರು ಕಾಯುವಾಗ ಉರಿಯುವ ಕೆಂಪು ದೀಪ. ಎಷ್ಟು ಹೊತ್ತಾದರೂ ಅದು ಆರದೆ ನೀರು ಸುಡುತ್ತಾ ಹೋದರೆ ಥರ್ಮೋಸ್ಟಾಟ್ ಒಳಗಿನ ಕಾಂಟ್ಯಾಕ್ಟ್ ಕಿಡಿ ಹಾರಿ ಹಾರಿ ಅಂಟಿಕೊಂಡಿರುವ ಸಾಧ್ಯತೆಯೇ ಜಾಸ್ತಿ. ಬಿಚ್ಚಿ, ಅದರ ಕಡ್ಡಿಯನ್ನು ಸೆಟ್ಟಿಂಗ್‌ಗಿಂತ ಬಿಸಿಯಾದ ನೀರಲ್ಲಿ ಅದ್ದಿದರೆ ಟಿಕ್ ಅಂತ ಶಬ್ದ ಬಂದು ಮಲ್ಟಿಮೀಟರ್‌ನಲ್ಲಿ ಕನೆಕ್ಷನ್ ಕಡಿಯಬೇಕು. ಕಡಿಯದಿದ್ದರೆ ಹೊಸದು ಹಾಕಿಸಿ, ತಟ್ಟಿ ಸರಿಮಾಡುವ ವಸ್ತು ಅಲ್ಲ ಅದು.

ದೀಪ ಆರುತ್ತದೆ, ಆದರೆ ತಡವಾಗಿ, ಟ್ಯಾಂಕ್ ಒಳಗೆ ಗುಡುಗುಡು ಸದ್ದು ಬೇರೆ. ಇಲ್ಲಿ ನನ್ನ ಅನುಮಾನ ಸುಣ್ಣದ ಮೇಲೆ. ಗಡಸು ನೀರು ಬಿಸಿಯಾದಷ್ಟೂ ಅದರಲ್ಲಿರುವ ಸುಣ್ಣ ಗಟ್ಟಿಯಾಗಿ ಕಾಯಿಲ್ ಮೇಲೆ ಕೂರುತ್ತದೆ. ಕಾಯಿಲ್‌ನ ಶಾಖ ನೀರಿಗೆ ಸರಿಯಾಗಿ ಹೋಗುವುದಿಲ್ಲ, ಅದೇ ವಿಪರೀತ ಕಾಯುತ್ತದೆ. ಥರ್ಮೋಸ್ಟಾಟ್ ಕೂರುವ ಕೊಳವೆಗೂ ಅದೇ ಪದರ ಹತ್ತಿದ್ದರೆ, ನೀರು ಎಷ್ಟು ಬಿಸಿ ಅಂತ ಅದಕ್ಕೆ ತಿಳಿಯುವುದು ನಿಧಾನ. ಟ್ಯಾಂಕ್ ತೊಳೆಸಿ ಕಾಯಿಲ್ ನೋಡದೆ ಹೊಸ ಥರ್ಮೋಸ್ಟಾಟ್ ಹಾಕಿದರೆ ದುಡ್ಡು ದಂಡ, ಅಷ್ಟೇ.

ಇನ್ನೊಂದನ್ನು ಯಾರೂ ನೋಡುವುದೇ ಇಲ್ಲ. ಫೇಸ್ (ಕರೆಂಟ್ ಬರುವ ತಂತಿ), ನ್ಯೂಟ್ರಲ್ (ವಾಪಸ್ ಹೋಗುವ ತಂತಿ) ಅದಲುಬದಲಾಗಿ, ಕಾಯಿಲ್ ಕೂಡ ಒಡೆದು ಅರ್ತ್‌ಗೆ ತಾಗಿದ್ದರೆ, ಥರ್ಮೋಸ್ಟಾಟ್ ತೆರೆದುಕೊಂಡರೂ ಕಡಿಯುವುದು ನ್ಯೂಟ್ರಲ್ ಮಾತ್ರ, ಕರೆಂಟ್ ಅರ್ತ್ ದಾರಿಯಲ್ಲಿ ಹರಿದು ನೀರು ಕಾಯುತ್ತಲೇ ಇರುತ್ತದೆ. ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಆಫ್ ಆಗುವ ಸ್ವಿಚ್) ಇದ್ದರೆ ತಕ್ಷಣ ಬೀಳುತ್ತದೆ. ಇಲ್ಲದ ಮನೆಯಲ್ಲಿ ಗೊತ್ತಾಗುವುದೇ ಶಾಕ್ ಹೊಡೆದಾಗ. ಇದನ್ನು ನೀವೇ ಪರೀಕ್ಷೆ ಮಾಡಲು ಹೋಗಬೇಡಿ, ಎಲೆಕ್ಟ್ರಿಷಿಯನ್ ಕೈಗೆ ಬಿಡಿ.

ಇಷ್ಟೆಲ್ಲ ಓದಿ ಹೆದರಿ ಸೆಟ್ಟಿಂಗನ್ನು 40ಕ್ಕೆ ಇಳಿಸುವವರೂ ಇದ್ದಾರೆ. ಅದೂ ತಪ್ಪು. 20ರಿಂದ 45 ಡಿಗ್ರಿ ನಡುವಿನ ನಿಂತ ನೀರು ಶ್ವಾಸಕೋಶದ ಸೋಂಕು ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾಗೆ ಬಲು ಇಷ್ಟ. ಟ್ಯಾಂಕಿನಲ್ಲಿ 60 ಇರಲಿ, ಮೈಗೆ ಹಾಕುವ ಮುಂಚೆ ತಣ್ಣೀರು ಬೆರೆಸಿ. 60 ಡಿಗ್ರಿ ನೀರು ದೊಡ್ಡವರ ಚರ್ಮವನ್ನೇ ಐದಾರು ಸೆಕೆಂಡಿನಲ್ಲಿ ಆಳವಾಗಿ ಸುಡುತ್ತದೆ, ಮಕ್ಕಳಿಗೆ ಇನ್ನೂ ಬೇಗ.

ಕೊನೆಗೆ, ಟ್ಯಾಂಕಿನ ಒತ್ತಡ ಜಾಸ್ತಿಯಾದರೆ ನೀರನ್ನು ಹೊರಬಿಡುವ ಸೇಫ್ಟಿ ವಾಲ್ವ್. ನೀರು ಕಾಯುವಾಗ ಅದು ಸ್ವಲ್ಪ ತೊಟ್ಟಿಕ್ಕುತ್ತದೆ, ಅದು ಲೀಕ್ ಅಲ್ಲ. 25 ಲೀಟರ್ ನೀರು 20 ಡಿಗ್ರಿಯಿಂದ 75ಕ್ಕೆ ಏರಿದರೆ ಅರ್ಧ ಲೀಟರಿಗಿಂತ ಜಾಸ್ತಿ ಹಿಗ್ಗುತ್ತದೆ, ಅದೆಲ್ಲ ಎಲ್ಲಿಗೆ ಹೋಗಬೇಕು ಹೇಳಿ? ಆಫ್ ಮಾಡಿದ ಮೇಲೂ ಬಿಡದೆ ಸುರಿಯುತ್ತಿದ್ದರೆ ಮಾತ್ರ ವಾಲ್ವ್ ಬದಲಿಸಿ ಅಥವಾ ಮನೆಗೆ ಬರುವ ನೀರಿನ ಒತ್ತಡ ನೋಡಿಸಿ. ಬಾತ್‌ರೂಮ್ ಒದ್ದೆ ಆಗುತ್ತದೆ ಅಂತ ಅದಕ್ಕೆ ಬಿರಡೆ ಹಾಕಿಸಬೇಡಿ. ಒಂದು ಪೈಪ್ ಸಿಕ್ಕಿಸಿ ತುದಿಯನ್ನು ಡ್ರೈನ್ ಕಡೆ ಬಿಡಿ, ಮುಗೀತು.