ಮೈಲಿ ಓಡಿದರೆ ಮೈಲಿಗೆ

2014ರ ಫೆಬ್ರುವರಿ 12ರ ನಸುಕಿನಲ್ಲಿ ಅಮೆರಿಕದ ಕೆಂಟಕಿ ರಾಜ್ಯದ ಬೌಲಿಂಗ್ ಗ್ರೀನ್ ಊರಿನಲ್ಲಿ, ಕಾರ್ವೆಟ್ ಎಂಬ ಸ್ಪೋರ್ಟ್ಸ್ ಕಾರಿನ ರಾಷ್ಟ್ರೀಯ ವಸ್ತುಸಂಗ್ರಹಾಲಯದ ನೆಲ ಬಾಯಿ ತೆರೆಯಿತು. ಅದು ಸುಣ್ಣಕಲ್ಲಿನ ಸೀಮೆ, ಅಡಿಯಲ್ಲೆಲ್ಲ ಗುಹೆಗಳು. ಸುಮಾರು 30 ಅಡಿ ಆಳದ ಗುಂಡಿಗೆ ಎಂಟು ಕಾರ್ವೆಟ್‌ಗಳು ಉರುಳಿದವು. 1992ರಲ್ಲಿ ತಯಾರಾದ ಹತ್ತು ಲಕ್ಷದನೆಯ ಕಾರ್ವೆಟ್ ಅವುಗಳಲ್ಲಿತ್ತು, 2009ರ ಹದಿನೈದು ಲಕ್ಷದನೆಯದೂ ಇತ್ತು. ಆ ಹೊತ್ತಿನಲ್ಲಿ ಒಳಗೆ ಯಾರೂ ಇರಲಿಲ್ಲ, ಯಾರಿಗೂ ಗಾಯವಾಗಲಿಲ್ಲ. ಆದ್ದರಿಂದ ನಗುವುದಕ್ಕೆ ಅಡ್ಡಿಯಿಲ್ಲ. ಹೆದ್ದಾರಿಯಲ್ಲಿ ಗಾಳಿಯನ್ನು ಸೀಳಲೆಂದು ಹುಟ್ಟಿದ ಯಂತ್ರಗಳು ಬಹುಕಾಲದ ಮೇಲೆ ವೇಗ ಕಂಡದ್ದು ಹೀಗೆ: ಕೆಳಮುಖವಾಗಿ, ಒಂದು ಹನಿ ಪೆಟ್ರೋಲಿನ ಖರ್ಚೂ ಇಲ್ಲದೆ.

ಸಂಗ್ರಹಾಲಯದವರು ಅತ್ತಿರಬಹುದು, ಆದರೆ ಹೆಚ್ಚು ದಿನ ಅಳಬೇಕಾಗಲಿಲ್ಲ. ಗುಂಡಿ ನೋಡಲು ಜನ ಮುಗಿಬಿದ್ದರು. ನೆಟ್ಟಗೆ ನಿಂತಿದ್ದಾಗ ಬಾರದವರೆಲ್ಲ ಮಗುಚಿಬಿದ್ದ ಮೇಲೆ ಟಿಕೆಟ್ ಕೊಂಡು ಬಂದರು. ಗುಂಡಿಯನ್ನು ಹಾಗೆಯೇ ಉಳಿಸಿಕೊಂಡರೆ ಹೇಗೆ ಎಂದು ಆಡಳಿತ ಮಂಡಳಿ ಗಂಭೀರವಾಗಿಯೇ ಯೋಚಿಸಿತು. ತಗಲುವ ಖರ್ಚು ಕೇಳಿದ ಮೇಲೆ ಮುಚ್ಚಿಸಿತು. ಗುಂಡಿಯ ಮಣ್ಣು ಶೀಶೆಗಳಲ್ಲಿ ಮಾರಾಟಕ್ಕೆ ಬಂತು. ಮೂರು ಕಾರುಗಳನ್ನು ದುರಸ್ತಿ ಮಾಡಿದರು, ಉಳಿದ ಐದನ್ನು ನಜ್ಜುಗುಜ್ಜಾದ ಸ್ಥಿತಿಯಲ್ಲೇ ಪ್ರದರ್ಶನಕ್ಕೆ ಇಟ್ಟರು. ಅದೇ ಒಳ್ಳೆಯದಾಯಿತು ಅನ್ನಿ. ಸುಸ್ಥಿತಿಯ ಕಾರ್ವೆಟ್‌ಗಳು ಲೋಕದಲ್ಲಿ ಲಕ್ಷಗಟ್ಟಲೆ ಇವೆ. ಪಾತಾಳ ನೋಡಿ ಬಂದವು ಎಂಟೇ ಎಂಟು. ಇದಕ್ಕಿಂತ ಸೀಮಿತ ಆವೃತ್ತಿ ಬೇಕೆಂದರೆ ಎಲ್ಲಿಂದ ತರುವುದು?

ಅಮೆರಿಕದ ಹಳೆಯ ಸ್ಪೋರ್ಟ್ಸ್ ಕಾರುಗಳನ್ನು, ಅದರಲ್ಲೂ ಬೆರಳೆಣಿಕೆಯಷ್ಟೇ ತಯಾರಾದ ಮಾದರಿಗಳನ್ನು ಕೂಡಿಡುವ ಲೋಕಕ್ಕೆ ಹೊಸದಾಗಿ ಕಾಲಿಡುವವರು ಮೊದಲು ಬಿಡಬೇಕಾದ ದುರಭ್ಯಾಸವೆಂದರೆ ಕಾರು ಓಡಿಸುವುದು. ಇಲ್ಲಿ ಮಡಿ ಬಹಳ. ಒಂದೊಂದು ಮೈಲಿಯೂ ಮೈಲಿಗೆ. ಸೀಟಿನ ಪ್ಲಾಸ್ಟಿಕ್ ಹೊದಿಕೆ ತೆಗೆದರೆ ಒಂದು ಪಾಪ, ಟೈರು ಬದಲಿಸಿದರೆ ಇನ್ನೊಂದು. 1987ರಲ್ಲಿ ಬ್ಯೂಕ್ ಕಂಪನಿ ಜಿಎನ್ಎಕ್ಸ್ ಎಂಬ ಕಪ್ಪು ಕಾರನ್ನು 547ರ ಲೆಕ್ಕದಲ್ಲಿ ಮಾಡಿತು. ಆ ಕಾಲದ ಹೆಸರಾಂತ ಐರೋಪ್ಯ ಕಾರುಗಳನ್ನೇ ಹಿಂದೆ ಹಾಕುವ ಓಟ ಅದರದ್ದು. ಅದನ್ನು ಕೊಂಡವರಲ್ಲಿ ಅನೇಕರು ಮಾಡಿದ್ದೇನು? ಮನೆಗೆ ತಂದು, ಹೊದಿಕೆ ಹೊದೆಸಿ, ಗ್ಯಾರೇಜಿನ ಬಾಗಿಲು ಹಾಕಿದರು. ಇಂದು ಹರಾಜಿನಲ್ಲಿ ಅಂಥ ಕಾರಿನ ಗುಣಗಾನ ಮಾಡುವವನು ಅದರ ವೇಗದ ಮಾತೇ ಎತ್ತುವುದಿಲ್ಲ. ಅದು ಎಷ್ಟು ಓಡಿಲ್ಲ ಎಂಬುದನ್ನೇ ರಾಗವಾಗಿ ಹೇಳುತ್ತಾನೆ.

ಈ ಮಡಿವಂತಿಕೆಯ ಮಹಾಯಾಗ ನಡೆದದ್ದು 1978ರಲ್ಲಿ. ಕಾರ್ವೆಟ್ಟಿಗೆ ಆಗ 25 ವರ್ಷ. ಇಂಡಿಯಾನಾಪೊಲಿಸ್ 500 ರೇಸಿನಲ್ಲಿ ಸ್ಪರ್ಧಿಗಳ ಮುಂದೆ ಸಾಗುವ ಪೇಸ್ ಕಾರಿನ ಗೌರವ ಮೊದಲ ಬಾರಿಗೆ ಅದಕ್ಕೆ ಸಿಕ್ಕಿತು. ಷೆವ್ರೊಲೆ ಕಂಪನಿ ಆ ಕಾರಿನ ಪ್ರತಿಕೃತಿಗಳನ್ನು ಮಾರುವುದಾಗಿ ಹೇಳಿತು. ಮೊದಲು ಯೋಚಿಸಿದ್ದು ಕೆಲವು ನೂರು. ಆಮೇಲೆ ವರ್ಷಕ್ಕೆ ನೂರರಂತೆ 2,500 ಎಂದಾಯಿತು. ಕೊನೆಗೆ ಡೀಲರುಗಳ ಮುಖ ನೋಡಿ ಹೆಚ್ಚೂಕಡಿಮೆ ಒಬ್ಬೊಬ್ಬರಿಗೆ ಒಂದೊಂದರಂತೆ 6,502 ಕಾರುಗಳು ಹೊರಬಂದವು. ಅಪರೂಪ ಎಂಬುದನ್ನು ಎಲ್ಲರಿಗೂ ಸಮನಾಗಿ ಹಂಚುವ ಇಂಥ ಸಮಾಜವಾದ ಅಮೆರಿಕದ ಕಾರು ಉದ್ಯಮದ ತವರಾದ ಡೆಟ್ರಾಯಿಟ್‌ನಲ್ಲಿ ಮಾತ್ರ ಸಾಧ್ಯ. ಅಷ್ಟರಲ್ಲಿ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ ಮುಖಪುಟದಲ್ಲಿ ಈ ಕಾರಿನ ಹುಚ್ಚಿನ ಬಗ್ಗೆ ಬರೆಯಿತು. ಮುಗಿಯಿತು. ಕಾರಿನ ಗಂಧಗಾಳಿ ಇಲ್ಲದವರೂ ಚೆಕ್ ಪುಸ್ತಕ ಹಿಡಿದು ಓಡಿದರು. 13,653 ಡಾಲರಿನ ಕಾರಿಗೆ ಅದರ ಎರಡರಷ್ಟು ತೆತ್ತರು. ತೆತ್ತವರು ಅದನ್ನು ಮನೆಗೆ ತಂದು ಜೋಪಾನ ಮಾಡಿದರು, ಮಕ್ಕಳ ಕಾಲೇಜಿಗಾಯಿತು ಎಂದು. ಬಾಗಿಲಿಗೆ ಅಂಟಿಸಬೇಕಾದ ರೇಸಿನ ಚಿತ್ರಪಟ್ಟಿಗಳನ್ನು ಕಂಪನಿ ಕಾರಿನ ಜೊತೆಗೆ ಬಿಡಿಯಾಗಿಯೇ ಕೊಟ್ಟಿತ್ತು. ಬೇಕಾದವರು ಅಂಟಿಸಿಕೊಳ್ಳಲಿ ಎಂದು. ಬುದ್ಧಿವಂತರು ಅದನ್ನೂ ಅಂಟಿಸದೆ ಎತ್ತಿಟ್ಟರು.

ಎಲ್ಲರೂ ಎತ್ತಿಟ್ಟರು, ತೊಂದರೆ ಅಲ್ಲೇ. ಮುಂದೊಂದು ದಿನ ಅಪರೂಪವಾಗುತ್ತದೆ ಎಂದು ಆರು ಸಾವಿರ ಜನ ಒಟ್ಟಿಗೆ ಕಾಪಾಡಿದ ವಸ್ತು ಅಪರೂಪವಾಗುವುದು ಹೇಗೆ? 13,653 ಡಾಲರ್ ಎಂದರೆ ಹಣದುಬ್ಬರದ ಲೆಕ್ಕದಲ್ಲಿ ಇಂದಿನ ಸುಮಾರು 65 ಸಾವಿರ ಡಾಲರ್. ಆ ಕಾರುಗಳಲ್ಲಿ ಹೆಚ್ಚಿನವು ಇವತ್ತಿಗೂ ಅದರ ಅರ್ಧ ಬೆಲೆ ತರಲು ಏದುಸಿರು ಬಿಡುತ್ತವೆ. ಮಾಮೂಲಿ ಎಂಜಿನ್ನಿನ ಶಕ್ತಿ ಬರೀ 185 ಅಶ್ವಶಕ್ತಿ ಎಂಬುದು ಕೊಳ್ಳುವಾಗ ಯಾರಿಗೂ ಮುಖ್ಯವಾಗಿರಲಿಲ್ಲ. ಹೇಗೂ ಓಡಿಸುವುದಿಲ್ಲವಲ್ಲ.

ಹಾಗಾದರೆ ನಿಜವಾಗಿ ಕೋಟಿ ತರುವ ಕಾರು ಯಾವುದು? ತನ್ನ ಕಾಲದಲ್ಲಿ ಯಾರಿಗೂ ಬೇಡವಾದದ್ದು. 1969ರ ಷೆವ್ರೊಲೆ ಕಮಾರೊ ಝಡ್ಎಲ್1 ಕಾರಿನ ಎಂಜಿನ್ ಪೂರ್ತಿ ಅಲ್ಯುಮಿನಿಯಂ. ಎಂಜಿನ್ನಿಗೇ ನಾಲ್ಕು ಸಾವಿರ ಡಾಲರ್ ಮೀರಿದ ಬೆಲೆ ಬಿದ್ದು, ಮೂರು ಸಾವಿರದೊಳಗಿನ ಕಾರು ಏಳು ಸಾವಿರ ದಾಟಿತು. ಇಲಿನಾಯ್ ರಾಜ್ಯದ ಲಾ ಹಾರ್ಪ್ ಎಂಬ ಪುಟ್ಟ ಊರಿನ ಡೀಲರ್ ಒಬ್ಬರು 50 ಕಾರು ತರಿಸಿ, ಬೆಲೆಪಟ್ಟಿ ನೋಡಿ ಬೆಚ್ಚಿ, ಅನೇಕವನ್ನು ಕಂಪನಿಗೆ ಹಿಂದಿರುಗಿಸಿದರು. ಒಟ್ಟು ತಯಾರಾದದ್ದು 69. ವರ್ಷಗಟ್ಟಲೆ ಮಾರಾಟವಾಗದೆ ಉಳಿದವೂ ಇದ್ದವು. ಗಿರಾಕಿ ಬರಲಿ ಎಂದು ಕೆಲವದರ ಹೃದಯವನ್ನೇ ಕಿತ್ತು ಸಾಧಾರಣ ಎಂಜಿನ್ ಕೂರಿಸಿದರು. ಮರುವರ್ಷದ ಪ್ಲಿಮತ್ ಸೂಪರ್‌ಬರ್ಡ್ ಪಾಡು ಇನ್ನೂ ಚೆಂದ. ನಾಸ್ಕಾರ್ ರೇಸಿಗೆ ಇಳಿಯಬೇಕಾದರೆ ಅದೇ ಮಾದರಿಯ ಕಾರನ್ನು ಸಾರ್ವಜನಿಕರಿಗೂ ಮಾರಬೇಕೆಂಬ ನಿಯಮವಿತ್ತು. ಹೀಗಾಗಿ ಮುಂದೆ ಚೂಪು ಮೂತಿ, ಹಿಂದೆ ಬಟ್ಟೆ ಒಣಹಾಕಬಹುದಾದಷ್ಟು ಎತ್ತರದ ರೆಕ್ಕೆ ಹೊತ್ತ ಸುಮಾರು 1,900 ಕಾರುಗಳು ಅಂಗಡಿಗಳಿಗೆ ಬಂದವು. ಜನ ನೋಡಿದರು, ನಕ್ಕರು, ಪಕ್ಕದ ಕಾರು ಕೊಂಡರು. ಬೇಸತ್ತ ಡೀಲರುಗಳು ಮೂತಿ ಬಿಚ್ಚಿ, ರೆಕ್ಕೆ ಕಿತ್ತು, ಅದನ್ನು ಅದೇ ಕಂಪನಿಯ ಮಾಮೂಲಿ ರೋಡ್ ರನ್ನರ್ ಕಾರಾಗಿಸಿ ಸಾಗಹಾಕಿದರು. ಇಂದು ಆ ರೆಕ್ಕೆಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುವವರ ಸಾಲು ನೋಡಬೇಕು. ಅಪ್ಪಂದಿರು ನಕ್ಕಿದ್ದಕ್ಕೆ ಮಕ್ಕಳು ಲಕ್ಷಾಂತರ ಡಾಲರ್ ದಂಡ ಕಟ್ಟುತ್ತಿದ್ದಾರೆ.

1967ರ ಕಾರ್ವೆಟ್ ಎಲ್88 ಮಾತ್ರ ತನ್ನನ್ನು ತಾನೇ ಮರೆಮಾಡಿಕೊಂಡಿತು. ಅದು ರೇಸಿನವರಿಗೆಂದು ಮಾಡಿದ್ದು. ಸಾಮಾನ್ಯ ಗಿರಾಕಿ ಅದರ ಬಳಿ ಸುಳಿಯಬಾರದೆಂಬುದು ಕಂಪನಿಯ ಆಸೆ. ಆದ್ದರಿಂದ ರೇಡಿಯೊ ಇಲ್ಲ, ಹೀಟರ್ ಇಲ್ಲ. ಐನೂರಕ್ಕೂ ಹೆಚ್ಚು ಅಶ್ವಶಕ್ತಿಯ ಎಂಜಿನ್ನಿಗೆ ಕಾಗದದ ಮೇಲೆ ಬರೆದದ್ದು 430. ಅದಕ್ಕಿಂತ ಅಗ್ಗದ ಇನ್ನೊಂದು ಎಂಜಿನ್ನಿಗೆ 435. ವಿರಾಟನ ಲಾಯದಲ್ಲಿ ಕುದುರೆ ತಿಕ್ಕುತ್ತಿದ್ದ ನಕುಲನೂ ಇಷ್ಟು ನಾಜೂಕಾಗಿ ವೇಷ ಹಾಕಿರಲಾರ. ಉಪಾಯ ಫಲಿಸಿತು: ಆ ವರ್ಷ ತಯಾರಾದವು 20. ಅದರಲ್ಲೊಂದು 2014ರಲ್ಲಿ ಅರಿಜೋನಾದ ಸ್ಕಾಟ್ಸ್‌ಡೇಲ್ ಹರಾಜಿನಲ್ಲಿ 38.5 ಲಕ್ಷ ಡಾಲರಿಗೆ ಹೋಯಿತು. ಇಂದಿನ ಲೆಕ್ಕದಲ್ಲಿ 30 ಕೋಟಿ ರೂಪಾಯಿಗೂ ಮೇಲೆ. ಇಷ್ಟು ಕೊಟ್ಟರೂ ಚಳಿಗೆ ಹೀಟರ್ ಇಲ್ಲ. ಹಾಕಿಸಿದಿರೋ, ಬೆಲೆ ಬಿತ್ತು.

ಬೆಲೆ ಬೀಳಿಸುವ ಇನ್ನೊಂದು ಅಪರಾಧ, ಕಾರನ್ನು ಚೆನ್ನಾಗಿ ದುರಸ್ತಿ ಮಾಡುವುದು. ಕಾರ್ವೆಟ್ ಜೀರ್ಣೋದ್ಧಾರಕರ ರಾಷ್ಟ್ರೀಯ ಸಂಘ ಎಂಬುದೊಂದಿದೆ. ಅದರ ತೀರ್ಪುಗಾರರು ಮಂಡಿಯೂರಿ, ಟಾರ್ಚ್ ಹಿಡಿದು ಕಾರಿನಡಿ ನುಸುಳಿ ಅಂಕ ಕೊಡುತ್ತಾರೆ. ನೂರಕ್ಕೆ 94 ಬಂದರೆ ಪ್ರಥಮ ದರ್ಜೆ. ನಮ್ಮ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲೂ ಇಷ್ಟು ಬಿಗಿಯಿಲ್ಲ. ಅವರು ಹುಡುಕುವುದು ಸೌಂದರ್ಯವನ್ನಲ್ಲ, ಕಾರ್ಖಾನೆಯಿಂದ ಹೊರಬಂದ ದಿನದ ಸ್ಥಿತಿಯನ್ನು. 1967ರ ಒಂದು ಸಂಜೆ ಸೇಂಟ್ ಲೂಯಿಸ್ ಕಾರ್ಖಾನೆಯ ಕೆಲಸಗಾರನೊಬ್ಬ ಮನೆಗೆ ಹೋಗುವ ಅವಸರದಲ್ಲಿ ಬಣ್ಣವನ್ನು ಆಚೀಚೆ ಸಿಡಿಸಿದ್ದನೆನ್ನಿ. ಇಂದು ಆ ಕಾರನ್ನು ಪುನರುದ್ಧಾರ ಮಾಡುವ ಕುಶಲಕರ್ಮಿ ಗಂಟೆಗಳ ಲೆಕ್ಕದಲ್ಲಿ ಕೂಲಿ ಪಡೆದು, ಉಸಿರು ಬಿಗಿಹಿಡಿದು, ಅಲ್ಲೇ ಅಷ್ಟೇ ಸಿಡಿಸಬೇಕು. ಇನ್ಸ್‌ಪೆಕ್ಟರ್ ಸೀಮೆಸುಣ್ಣದಲ್ಲಿ ಗೀಚಿದ್ದರೆ ಆ ಗೀಚನ್ನೂ ಗೀಚಬೇಕು. ಕಾರ್ಖಾನೆಯದಕ್ಕಿಂತ ಹೊಳಪು ಹೆಚ್ಚಾದರೆ ಅಂಕ ಕಡಿತ. ಸೋಮಾರಿತನಕ್ಕೆ ಇಷ್ಟು ಶ್ರದ್ಧೆಯ ಸ್ಮಾರಕವನ್ನು ಮನುಷ್ಯಕುಲ ಬೇರೆಲ್ಲೂ ಕಟ್ಟಿಲ್ಲ. ಆ ಕೆಲಸಗಾರನಿಗೆ ಮಾತ್ರ ಆಗ ಮೇಸ್ತ್ರಿಯಿಂದ ಬೈಗುಳ ಸಿಕ್ಕಿರಬೇಕು.

ಇತಿಹಾಸ ತಾನಾಗಿ ಮಾಡಿದ ಈ ಕೆಲಸವನ್ನು ಕಂಪನಿಗಳು ಈಗ ಮೊದಲೇ ಮಾಡಿ ಮುಗಿಸುತ್ತವೆ. 1960ರ ದಶಕದ ತನ್ನ ರೇಸ್ ಕಾರು ಜಿಟಿ40ಯ ಹೆಸರು ಹೇಳಿಕೊಂಡು ಫೋರ್ಡ್ ಕಂಪನಿ ಹೊಸ ಫೋರ್ಡ್ ಜಿಟಿ ಮಾಡಿತು. ಅಮೆರಿಕದ ಹೆಮ್ಮೆಯ ಈ ಕಾರು ಜೋಡಣೆಯಾದದ್ದು ಕೆನಡಾದಲ್ಲಿ, ಇರಲಿ. ನಾಲ್ಕು ಲಕ್ಷ ಡಾಲರಿಗೂ ಮೇಲಿನ ಬೆಲೆ ಕೊಡಲು ಸಿದ್ಧವಿದ್ದರೆ ಸಾಲುತ್ತಿರಲಿಲ್ಲ, ಅರ್ಜಿ ಹಾಕಬೇಕಿತ್ತು. 2016ರಲ್ಲಿ 500 ಕಾರುಗಳಿಗೆ 6,506 ಅರ್ಜಿಗಳು ಬಂದವು. ಮನೆಯಲ್ಲಿ ಬೇರೆ ಯಾವ ಕಾರುಗಳಿವೆ, ಸಮಾಜದಲ್ಲಿ ನಿಮ್ಮ ಮಾತಿಗೆ ಎಷ್ಟು ಬೆಲೆಯಿದೆ, ಬೇಕಾದರೆ ಒಂದು ವಿಡಿಯೊ ಮಾಡಿ ಕಳಿಸಿ. ಮಗಳಿಗೆ ಗಂಡು ನೋಡುವವರೂ ಇಷ್ಟು ವಿಚಾರಿಸುವುದಿಲ್ಲ. ಆಯ್ಕೆಯಾದವರು ಎರಡು ವರ್ಷ ಮಾರುವುದಿಲ್ಲವೆಂದು ಸಹಿ ಹಾಕಬೇಕಿತ್ತು. ಕುಸ್ತಿಪಟು ಮತ್ತು ನಟ ಜಾನ್ ಸೀನಾ ಕೆಲವೇ ವಾರಗಳಲ್ಲಿ ಮಾರಿದರು. 2017ರ ನವೆಂಬರಿನಲ್ಲಿ ಕಂಪನಿ ಅವರ ಮೇಲೆ ದಾವೆ ಹೂಡಿತು. ಮರುವರ್ಷ ರಾಜಿಯಾಗಿ, ಹಣ ದಾನಧರ್ಮಕ್ಕೆ ಹೋಯಿತು. ಕಾಸು ಕೊಟ್ಟು ಕೊಂಡ ಕಾರು ಕೊಂಡವನದೇ ಎಂಬ ಭ್ರಮೆ ಕುಸ್ತಿಯವರಿಗೂ ಇರಬಾರದು.

2018ರ ಡಾಜ್ ಡೀಮನ್ ಇನ್ನೊಂದು ಹೆಜ್ಜೆ ಮುಂದೆ. 3,300 ಕಾರುಗಳ ಸೀಮಿತ ಆವೃತ್ತಿ. ತೂಕ ಇಳಿಸುವ ನೆಪದಲ್ಲಿ ಚಾಲಕನ ಪಕ್ಕದ ಸೀಟನ್ನೂ ಹಿಂದಿನ ಸೀಟನ್ನೂ ತೆಗೆದುಬಿಟ್ಟರು. ಬೇಕಿದ್ದರೆ ಒಂದೊಂದಕ್ಕೆ ಒಂದು ಡಾಲರ್. ಜೊತೆಯಲ್ಲಿ ಕೂರುವ ಹೆಂಡತಿಗೆ ಅಮೆರಿಕದ ಕಾರು ಉದ್ಯಮ ಕಟ್ಟಿದ ಅಧಿಕೃತ ಬೆಲೆ ಅದು. 2020ರ ಜನವರಿಯಲ್ಲಿ ಹೊಸ ಕಾರ್ವೆಟ್‌ಗಳ ಪೈಕಿ ಮೊದಲ ಸಂಖ್ಯೆಯ ಕಾರು ದಾನದ ಹರಾಜಿನಲ್ಲಿ 30 ಲಕ್ಷ ಡಾಲರಿಗೆ ಹೋಯಿತು. ಅಂಗಡಿಯಲ್ಲಿ ಆಗ ಅದರ ಆರಂಭದ ಬೆಲೆ 60 ಸಾವಿರದೊಳಗಿತ್ತು. ವೇದಿಕೆಯ ಮೇಲೆ ಮಿಂಚುತ್ತಿದ್ದದ್ದು ಆ ಕಾರೂ ಅಲ್ಲ. ಅದಿನ್ನೂ ತಯಾರೇ ಆಗಿರಲಿಲ್ಲ. ಇದಕ್ಕಿಂತ ಮಡಿಯಾದ ಕಾರು ಇನ್ನೊಂದಿರಲಾರದು. ಹಣ ಡೆಟ್ರಾಯಿಟ್‌ನ ಮಕ್ಕಳಿಗೆ ಹೋಯಿತೆಂಬ ಕಾರಣಕ್ಕೆ ಇದೊಂದನ್ನು ಹೆಚ್ಚು ಆಡಿಕೊಳ್ಳದೆ ಬಿಡುತ್ತೇನೆ.

ದಾನದ ಮಾತು ಬಂದಾಗ ತೆರಿಗೆಯದೂ ಬರಬೇಕಲ್ಲ. ಮೊಂಟಾನಾ ರಾಜ್ಯದಲ್ಲಿ ಮಾರಾಟ ತೆರಿಗೆ ಇಲ್ಲ. ಆದ್ದರಿಂದ ಬೇರೆ ರಾಜ್ಯಗಳ ಅನೇಕ ಸಿರಿವಂತರು ಅಲ್ಲೊಂದು ಕಾಗದದ ಕಂಪನಿ ತೆರೆದು, ಕಾರುಗಳನ್ನು ಅದರ ಹೆಸರಿನಲ್ಲಿ ನೋಂದಾಯಿಸುತ್ತಾರೆ. ಮೊಂಟಾನಾದ ಒಂದು ಬೆಟ್ಟವನ್ನೂ ನೋಡದ ಕಾರುಗಳು ಮೊಂಟಾನಾದ ನಂಬರ್ ಫಲಕ ಹೊತ್ತಿರುತ್ತವೆ.

ಇದೆಲ್ಲದರ ನಡುವೆ 1966ನೆಯ ಇಸವಿಯನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಆ ವರ್ಷ ಹರ್ಟ್ಜ್ ಕಂಪನಿ ಹೆಚ್ಚಾಗಿ ಕಪ್ಪು ಮೈಗೆ ಬಂಗಾರದ ಪಟ್ಟೆ ಬಳಿದ, ಕ್ಯಾರಲ್ ಶೆಲ್ಬಿ ಎಂಬ ಕಾರು ತಯಾರಕರ ಶೆಲ್ಬಿ ಮಸ್ಟಾಂಗ್ ಕಾರುಗಳನ್ನು, ಸುಮಾರು ಸಾವಿರದಷ್ಟು, ಬಾಡಿಗೆಗೆ ಬಿಟ್ಟಿತು. ದಿನಕ್ಕೆ 17 ಡಾಲರ್, ಮೈಲಿಗೆ 17 ಸೆಂಟ್. ಶನಿವಾರ ಒಯ್ದು, ರೇಸಿನ ಅಂಗಳದಲ್ಲಿ ಮನಸೋ ಇಚ್ಛೆ ಓಡಿಸಿ, ಸೋಮವಾರ ಏನೂ ಅರಿಯದವರಂತೆ ಬೀಗದ ಕೈ ಹಿಂದಿರುಗಿಸಿದವರ ಕಥೆಗಳು ಇಂದಿಗೂ ಚಲಾವಣೆಯಲ್ಲಿವೆ. ಅದೇ ಕಾರುಗಳನ್ನು ಇಂದು ಪ್ರದರ್ಶನಕ್ಕೆ ಒಯ್ಯುವುದು ಮುಚ್ಚಿದ ಟ್ರೇಲರಿನಲ್ಲಿ, ಮಳೆ ಹನಿ ತಾಗದಂತೆ. ಅದೇ ಶೆಲ್ಬಿಯ ಕೋಬ್ರಾ ಕಾರಿನ ಕಥೆಯೂ ಅಷ್ಟೇ. ಅಸಲಿ ಕೋಬ್ರಾಗಳು ಇದ್ದದ್ದೇ ಸುಮಾರು ಸಾವಿರ. ಮೊಟ್ಟಮೊದಲನೆಯದು 2016ರಲ್ಲಿ 1.375 ಕೋಟಿ ಡಾಲರಿಗೆ ಮಾರಾಟವಾಯಿತು. ನಕಲಿಗಳ ಸಂಖ್ಯೆ ಅಸಲಿಯ ಎಷ್ಟೋ ಪಟ್ಟು. ಅಸಲಿ ಉಳ್ಳವರಲ್ಲೂ ಕೆಲವರು ಭಾನುವಾರದ ಸುತ್ತಾಟಕ್ಕೆಂದು ಒಂದು ನಕಲಿ ಇಟ್ಟುಕೊಂಡಿರುತ್ತಾರೆ. ಪೆಟ್ರೋಲ್ ಬಂಕಿನಲ್ಲಿ ಯಾವನಾದರೂ ಹುಡುಗ ಕಣ್ಣರಳಿಸಿ "ಇದು ಅಸಲಿಯೇ?" ಎಂದು ಕೇಳಿದರೆ ಅವರ ಬಳಿ ಪ್ರಾಮಾಣಿಕ ಉತ್ತರವೇ ಇದೆ: "ಅಸಲಿಯೂ ಇದೆ, ಮನೆಯಲ್ಲಿ ಮಲಗಿದೆ."