ಹತ್ತು ವರ್ಷದ ಮಕ್ಕಳಿಗೆ ಪ್ಲೂಟಾರ್ಕ್ ಭಾರ ಆಗಲ್ಲ

ಹಳೇ ಕಾಲದ ಗ್ರೀಕ್ ಲೇಖಕ ಪ್ಲೂಟಾರ್ಕ್ ಗ್ರೀಕ್, ರೋಮನ್ ದೊಡ್ಡೋರ ಬಗ್ಗೆ ಬರೆದ ಜೀವನಚರಿತ್ರೆಗಳು ಹತ್ತು ವರ್ಷದ ಮಕ್ಕಳಿಗೆ ತುಂಬಾ ಭಾರ ಅಂತ ನಿಮ್ಮ ಲೇಖನದಲ್ಲಿ ಬರ್ದಿದೀರಾ, ನಂಗೆ ಒಪ್ಪೋಕಾಗ್ತಿಲ್ಲ. ನಾವು ಹೋಮ್‌ಸ್ಕೂಲಿಂಗ್ ಮಾಡೋರು, ಮಗಳ ಜೊತೆ ವಾರಕ್ಕೊಂದ್ಸಲ ಕೂತು ಓದ್ತೀವಿ, ಒಂದೊಂದ್ಸಲ ಎರಡೇ ಪುಟ ಆಗತ್ತೆ, ಆಗ್ಲಿ ಬಿಡಿ. ಆಮೇಲೆ ಅವಳು ತನ್ನ ಮಾತಲ್ಲಿ ಕಥೆ ಹೇಳ್ಬೇಕು ಅಷ್ಟೆ, ಟೆಸ್ಟು ಗಿಸ್ಟು ಏನಿಲ್ಲ.

ಹಳೇ ಗ್ರೀಸಿನ ಅಥೆನ್ಸ್ ನಗರದ ನಾಯಕ ಅರಿಸ್ಟೈಡೀಸ್ ಕಥೆ ಓದಿದ ದಿನ ಮರೆಯೋಕಾಗಲ್ಲ. ಅಥೆನ್ಸಲ್ಲಿ ಯಾರನ್ನ ಊರು ಬಿಡಿಸ್ಬೇಕೋ ಅವರ ಹೆಸರನ್ನ ಮಡಕೆ ಚೂರಿನ ಮೇಲೆ ಬರೆದು ಓಟು ಹಾಕ್ತಿದ್ರು, ಅಕ್ಷರ ಬರದ ಒಬ್ಬ ಎದುರಿಗಿರೋನು ಯಾರು ಅಂತ ಗೊತ್ತಿಲ್ದೆ ಅರಿಸ್ಟೈಡೀಸ್ ಹತ್ರಾನೇ ಬಂದು ಅರಿಸ್ಟೈಡೀಸ್ ಅಂತ ಬರ್ಕೊಡು ಅಂತಾನೆ, ಯಾಕಂದ್ರೆ ಎಲ್ರೂ ಅವನನ್ನ ನ್ಯಾಯವಂತ ಅನ್ನೋದು ಕೇಳಿ ಕೇಳಿ ಸಾಕಾಗಿದೆಯಂತೆ, ಇವನು ಏನೂ ಮಾತಾಡ್ದೆ ತನ್ನ ಹೆಸರೇ ಬರ್ಕೊಡ್ತಾನೆ. ಬೇರೆ ಹೆಸರು ಬರೀಬಹುದಿತ್ತಲ್ಲಾ, ಯಾಕಮ್ಮಾ ಬರೀಲಿಲ್ಲ ಅಂತ ಮಗಳು ಎರಡು ದಿನ ಕೇಳ್ತಾನೇ ಇದ್ಲು. ನಾನು ಬೇಕಂತಲೇ ಉತ್ತರ ಹೇಳ್ಲಿಲ್ಲ, ಅವಳೇ ಯೋಚ್ನೆ ಮಾಡ್ಲಿ ಅಂತ.

ಈ ಚರಿತ್ರೆಗಳಲ್ಲಿ ಹಿಂಸೆ ಇದೆ ಅಂತ ನೀವು ಹೇಳಿದ್ದು ನಿಜ, ನಾನೂ ಮೊದ್ಲೇ ಓದ್ಕೊಂಡು ಕೆಲವು ಭಾಗ ಹಾರಿಸ್ತೀನಿ. ಆದ್ರೆ ಅಲೆಕ್ಸಾಂಡರ್ ಚರಿತ್ರೆ ಶುರುವಲ್ಲೇ ಪ್ಲೂಟಾರ್ಕ್ ಹೇಳ್ತಾನಲ್ಲ, ತಾನು ಬರೀತಿರೋದು ಇತಿಹಾಸ ಅಲ್ಲ ಬದುಕು, ದೊಡ್ಡ ಯುದ್ಧಕ್ಕಿಂತ ಒಂದು ಸಣ್ಣ ಮಾತಲ್ಲೋ ತಮಾಷೆಯಲ್ಲೋ ಮನುಷ್ಯನ ಸ್ವಭಾವ ಹೆಚ್ಚು ಕಾಣತ್ತೆ ಅಂತ, ಮಕ್ಕಳಿಗೆ ಹಿಡಿಸೋದೂ ಅದೇ. ಹೊಸದಾಗಿ ಶುರು ಮಾಡೋರು ಬ್ಯುಸೆಫಲಸ್ ಕುದುರೆ ಪ್ರಸಂಗದಿಂದ ಶುರು ಮಾಡಿ, ಅದು ತನ್ನ ನೆರಳಿಗೇ ಹೆದರ್ತಿದೆ ಅಂತ ಹುಡುಗ ಅಲೆಕ್ಸಾಂಡರ್ ಕಂಡುಹಿಡಿದು ಅದರ ಮುಖಾನ ಸೂರ್ಯನ ಕಡೆ ತಿರುಗಿಸೋದನ್ನ ಕೇಳಿದ್ಮೇಲೆ ಮುಂದಿಂದು ಓದು ಅಂತ ಮಕ್ಕಳೇ ಹಠ ಹಿಡೀತಾರೆ.