ಸ್ಯಾಮ್ ರಾಸ್ ರಂಗದ ಮೇಲೆ ಬರುವುದೇ ಇಲ್ಲ

ನಿನ್ನೆ ರಾತ್ರಿ ಇಂಗ್ಲಿಷ್ ನಾಟಕಕಾರ ಜೆಜ್ ಬಟರ್‌ವರ್ತ್‌ನ 'ಮೋಜೋ' ನಾಟಕವನ್ನು ಮತ್ತೆ ಓದಿ ಮುಗಿಸಿದೆ. ಬೆಳಿಗ್ಗೆ ಆ ಖುಷಿ ಹಂಚಿಕೊಳ್ಳಲು ಹೋದರೆ ತಂಡದ ಗೆಳೆಯನೊಬ್ಬ "ಅದೂ ಒಂದು ನಾಟಕವಾ? ಗ್ಯಾಂಗ್‌ಸ್ಟರ್ ಸಿನಿಮಾ ತಂದು ರಂಗದ ಮೇಲೆ ಇಟ್ಟಿದ್ದಾನೆ ಅಷ್ಟೇ" ಅಂದುಬಿಟ್ಟ. ಆಗಿನಿಂದ ಆ ಮಾತು ಕೊರೆಯುತ್ತಲೇ ಇದೆ.

1995ರಲ್ಲಿ ಲಂಡನ್ನಿನ ರಾಯಲ್ ಕೋರ್ಟ್ ಥಿಯೇಟರಿನಲ್ಲಿ ಈ ನಾಟಕ ಬಂದಾಗ ಬಟರ್‌ವರ್ತ್‌ಗೆ 26 ವರ್ಷ. ಕಥೆ 1958ರ ಲಂಡನ್ನಿನ ಸೋಹೋ ಪ್ರದೇಶದ ಒಂದು ಕ್ಲಬ್ಬಿನದು. ಮಾಲೀಕ ಎಜ್ರಾನನ್ನು ಕೊಂದು, ಎರಡು ತುಂಡು ಮಾಡಿ, ಎರಡು ಕಸದ ಡಬ್ಬಗಳಿಗೆ ತುಂಬಿದ್ದಾರೆ. ಹಾಡುವ ಹುಡುಗ ಸಿಲ್ವರ್ ಜಾನಿ ನಾಪತ್ತೆ. ಕ್ಲಬ್ಬಿನ ಹುಡುಗರು ಹೆದರಿ ಒಳಗೇ ಕೂತಿದ್ದಾರೆ.

ಹ್ಯಾಮೆಟ್, ಚಾಂಡ್ಲರ್ ಬರೆದ ಒರಟು ಪತ್ತೇದಾರಿ ಕಾದಂಬರಿಗಳಲ್ಲಿ ಪತ್ತೇದಾರ ಬೀದಿಗಿಳಿಯುತ್ತಾನೆ, ಏಟು ತಿನ್ನುತ್ತಾನೆ, ಸತ್ಯ ಹುಡುಕುತ್ತಾನೆ. ಇಲ್ಲಿ ಪತ್ತೇದಾರನೇ ಇಲ್ಲ. ಆ ಕಾದಂಬರಿಗಳ ಚುರುಕು ಮಾತು ಮಾತ್ರ ಇದೆ. ಹುಡುಗರು ನಶೆಯ ಮಾತ್ರೆ ನುಂಗುತ್ತಾರೆ, ಜಂಬ ಕೊಚ್ಚುತ್ತಾರೆ, ಒಬ್ಬರನ್ನೊಬ್ಬರು ಕೆಣಕುತ್ತಾರೆ. ಮಾತು ನಿಂತರೆ ಹೆದರಿಕೆ ಕೇಳಿಸಿಬಿಡುತ್ತದೆ, ಅದಕ್ಕೇ ನಿಲ್ಲಿಸುವುದಿಲ್ಲ. ಎಜ್ರಾನ ಕೊಲೆ ನಮ್ಮ ಕಣ್ಣೆದುರು ನಡೆಯುವುದಿಲ್ಲ, ಸುದ್ದಿಯಾಗಿ ಬರುತ್ತದೆ. ಎಲ್ಲರೂ ಹೆದರುವ ಎದುರಾಳಿ ಗ್ಯಾಂಗ್‌ಸ್ಟರ್ ಸ್ಯಾಮ್ ರಾಸ್ ಒಮ್ಮೆಯೂ ರಂಗಕ್ಕೆ ಬರುವುದಿಲ್ಲ. ಇದು ಸಿನಿಮಾ ಹೇಗಾಗುತ್ತದೆ ಹೇಳಿ?

1997ರಲ್ಲಿ ಬಟರ್‌ವರ್ತ್ ತಾನೇ ಇದನ್ನು ಸಿನಿಮಾ ಮಾಡಿದ. ಅದರಲ್ಲಿ ಸ್ಯಾಮ್ ರಾಸ್ ಕಾಣಿಸುತ್ತಾನೆ, ಆ ಪಾತ್ರ ಮಾಡಿದ್ದು ಸಾಕ್ಷಾತ್ ಹೆರಾಲ್ಡ್ ಪಿಂಟರ್, ಇಂಗ್ಲೆಂಡಿನ ದೊಡ್ಡ ನಾಟಕಕಾರ. ಎಂಥಾ ನಟನೇ ಇರಲಿ, ಮುಖ ಕಂಡ ಮೇಲೆ ನನ್ನ ಭಯ ಕಮ್ಮಿಯಾಯಿತು. ನಾಟಕದಲ್ಲಿ ಅವನು ಬಾಗಿಲಿನ ಆಚೆಗೇ ಇದ್ದ.

"ಕೊನೆಗೆ ಗುಂಡು ಹಾರುತ್ತದಲ್ಲ" ಅಂದ ಗೆಳೆಯ. ಹಾರುತ್ತದೆ, ನಿಜ. ಆದರೆ ಎಜ್ರಾನ ಮಗ ಬೇಬಿ ಹೊಡೆಯುವುದು ಶತ್ರುವಿಗಲ್ಲ, ಜೊತೆಗೇ ಇದ್ದ ಕ್ಲಬ್ಬಿನ ಹುಡುಗ ಸ್ಕಿನ್ನಿಗೆ. ಅಷ್ಟು ಹೊತ್ತು ನಗಿಸಿದ ನಾಟಕ ಅಲ್ಲಿ ನಮ್ಮ ಉಸಿರು ನಿಲ್ಲಿಸುತ್ತದೆ. ಸುಮ್ನೆ ರಕ್ತ ತೋರಿಸುವುದು ಅಂದರೆ ಇದಲ್ಲ.

ಇಷ್ಟು ಕೋಪ ಯಾಕೆ ಅಂದರೆ, ಅದೇ ಮಾತನ್ನು ನಾನೂ ಒಬ್ಬನಿಗೆ ಹೇಳಿದ್ದೆ. ವರ್ಷಗಳ ಹಿಂದೆ ನಮ್ಮ ತಂಡಕ್ಕೆ ಹುಡುಗನೊಬ್ಬ ಕೊಲೆಯ ಕಥೆಯ ನಾಟಕ ಬರೆದು ತಂದಿದ್ದ. ನಾಲ್ಕು ಪುಟ ಓದಿ "ಇದು ನಾಟಕ ಅಲ್ಲಪ್ಪಾ, ಸಿನಿಮಾ" ಅಂದೆ. ಅವನು ಮತ್ತೆ ರಿಹರ್ಸಲ್‌ಗೆ ಬರಲಿಲ್ಲ. ಆ ಹಸ್ತಪ್ರತಿ ಇವತ್ತಿಗೂ ನನ್ನ ಕಪಾಟಿನಲ್ಲಿದೆ. ಹಳೆಯ ಗೆಳೆಯರಿಗೆ ಅವನು ಯಾರೆಂದು ಗೊತ್ತಿರುತ್ತದೆ. ಸಿಕ್ಕರೆ ದಯವಿಟ್ಟು ಹೇಳಿ, ಈ ಸಲ ಪೂರ್ತಿ ಓದುತ್ತಿದ್ದೇನೆ ಅಂತ.